ದೇವಾಲಯದ ಗಾಯನದಿಂದ ರಾಕ್ ಸಂಗೀತದವರೆಗೆ: ನಾಲ್ಕು ಸ್ಮರಣೀಯ ಪ್ರಸಂಗಗಳು

ಪೀಠಿಕೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಈ ಲೇಖನದ ತಲೆಬರಹವು ಸ್ವಲ್ಪ ಆಶ್ಚರ್ಯವನ್ನುಂಟುಮಾಡಬಹುದು. ರಾಕ್ ಮತ್ತು ಪಾಪ್ ಎಂದು ಕರೆಯಲ್ಪಡುವ ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕೂ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೂ ಏನು ಸಂಬಂಧವೆಂದು ಕೇಳುವವರು ಇದ್ದೇ ಇರುವರು. ಆದರೆ ಮುಖ್ಯೋಪಾಧ್ಯಾಯಿನಿಯಾದವಳಿಗೆ ಪೋಷಕರಿಂದ ಬರುವ ಪ್ರಶ್ನೆಗಳಲ್ಲಿ ಎರಡು ಈ ವಿಷಯಕ್ಕೇ ಸೇರಿದವುಗಳಾಗಿವೆ. ಪರೀಕ್ಷೆಯು ಹತ್ತಿರವಾಗುತ್ತಿರುವಾಗ ಹುಡುಗಿಯರನ್ನು ಗಾಯನವೃಂದದ ಅಭ್ಯಾಸಕ್ಕೆ ಕರೆಯುವುದು ಕಾಲಹರಣವಲ್ಲವೇ ಎಂಬುದು ಮೊದಲನೆಯದು. ಮಕ್ಕಳು ಮನೆಯಲ್ಲಿ ಕೇಳುವ ಅಬ್ಬರದ ಹಾಡುಗಳಿಂದ ಅವರ ಮನಸ್ಸು ಕೆಡುವುದಿಲ್ಲವೇ ಎಂಬುದು ಎರಡನೆಯದು. ಇವು ಒಂದಕ್ಕೊಂದು ದೂರವಾದ ಪ್ರಶ್ನೆಗಳೆಂದು ತೋರಿದರೂ, ಆ ಸಂಗೀತದ ಚರಿತ್ರೆಯನ್ನು ಓದಿದವರಿಗೆ ಹಾಗೆ ತೋರಲಾರವು. ಯಾಕಂದರೆ ಈ ಅಬ್ಬರದ ಸಂಗೀತದ ಮುಖ್ಯವಾದ ಬೇರುಗಳಲ್ಲಿ ಒಂದು ದೇವಾಲಯದ ಗಾಯನದಲ್ಲಿಯೇ ಇದೆ. ಅದನ್ನು ಹೊರಗೆ ತಂದವರ ಮುಂದಿನ ಸಾಲಿನಲ್ಲಿ ಸಭೆಯೊಳಗೆ ಹಾಡಿ ಬೆಳೆದ ಹುಡುಗಿಯರೂ ಇದ್ದರು.

ಅಂತಹ ಇಬ್ಬರು ಸ್ತ್ರೀಯರ ಜೀವನದಿಂದ ನಾಲ್ಕು ಪ್ರಸಂಗಗಳನ್ನು ಆರಿಸಿಕೊಂಡು ಇಲ್ಲಿ ಪಾಠರೂಪವಾಗಿ ವಿವರಿಸಿದ್ದೇನೆ. ಒಬ್ಬಳು ಸಿಸ್ಟರ್ ರೊಸೆಟ್ಟಾ ಥಾರ್ಪ್, ಇನ್ನೊಬ್ಬಳು ಅರೀಥಾ ಫ್ರಾಂಕ್ಲಿನ್. ಇಬ್ಬರೂ ಅಮೆರಿಕಾ ದೇಶದ ಕಪ್ಪು ಜನಾಂಗಕ್ಕೆ ಸೇರಿದವರು. ಒಂದು ಹಾಡಿನ ಬೆಲೆಯು ಅದರ ಜಾತಿಯಿಂದಲ್ಲ, ಅದನ್ನು ಯಾರು, ಯಾರೊಡನೆ, ಏನನ್ನು ಕೇಳುತ್ತ ಹಾಡುತ್ತಾರೆಂಬುದರಿಂದ ನಿರ್ಣಯವಾಗುವುದೆಂಬುದೇ ಈ ಪಾಠದ ತಾತ್ಪರ್ಯ.

ಆ ಗಾಯನದ ಲಕ್ಷಣಗಳು

ಪ್ರಸಂಗಗಳನ್ನು ತಿಳಿಯುವುದಕ್ಕೆ ಮುಂಚೆ ಆ ಸಭೆಗಳ ಗಾಯನವು ಎಂತಹದೆಂಬುದನ್ನು ಅರಿಯಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿಯು 1865ರಲ್ಲಿ ಕಾನೂನಿನಿಂದ ಕೊನೆಗೊಂಡಿತು. ಆದರೂ ದಕ್ಷಿಣದ ಸಂಸ್ಥಾನಗಳಲ್ಲಿ ಶಾಲೆ, ರೈಲುಗಾಡಿ, ಭೋಜನಶಾಲೆ ಮುಂತಾದೆಡೆಗಳಲ್ಲಿ ಕಪ್ಪು ಜನರನ್ನು ಬೇರೆಯಾಗಿಡುವ ಕಟ್ಟಳೆಗಳು ಅನೇಕ ದಶಕಗಳವರೆಗೆ ನಡೆದುಬಂದವು. ಇಂತಹ ಸ್ಥಿತಿಯಲ್ಲಿ ಅವರು ತಲೆಯೆತ್ತಿ ಕುಳಿತು, ಮನಬಿಚ್ಚಿ ಮಾತನಾಡಿ, ಕಂಠವೆತ್ತಿ ಹಾಡುವುದಕ್ಕೆ ತಮ್ಮದೆಂದು ಇದ್ದ ಮುಖ್ಯಸ್ಥಳವು ದೇವಾಲಯವೇ ಆಗಿತ್ತು. ಆದುದರಿಂದ ಅಲ್ಲಿಯ ಗಾಯನದಲ್ಲಿ ಭಕ್ತಿಯೊಡನೆ ಒಂದು ಜನಾಂಗದ ದುಃಖವೂ ಮರ್ಯಾದೆಯೂ ಸೇರಿಕೊಂಡವು.

ಈ ಗಾಯನಕ್ಕೆ ಮೂರು ಲಕ್ಷಣಗಳಿವೆ. ಮೊದಲನೆಯದು ಕರೆ ಮತ್ತು ಉತ್ತರ. ಒಬ್ಬರು ಒಂದು ವಾಕ್ಯವನ್ನು ಹಾಡಿದರೆ ಸಭೆಯು ಉತ್ತರ ಕೊಡುವುದು. ನಮ್ಮ ಭಜನೆಗಳಲ್ಲಿ ಮುಂದಾಳು ಹೇಳಿದುದನ್ನೇ ಉಳಿದವರು ತಿರುಗಿ ಹೇಳುವುದುಂಟು. ಅಲ್ಲಿಯಾದರೋ ಸಭೆಯು ತಿರುಗಿ ಹೇಳುವುದು ಮಾತ್ರವಲ್ಲದೆ, ಒಪ್ಪಿಕೊಳ್ಳುತ್ತದೆ, ಪ್ರಶ್ನಿಸುತ್ತದೆ, ಹುರಿದುಂಬಿಸುತ್ತದೆ. ಎರಡನೆಯದು ತಾಳದ ಭೇದ. ನಾಲ್ಕು ಎಣಿಕೆಯ ತಾಳದಲ್ಲಿ ಯೂರೋಪಿನ ಕೀರ್ತನೆಗಳು ಒಂದು ಮತ್ತು ಮೂರನೆಯ ಎಣಿಕೆಗಳಿಗೆ ಒತ್ತು ಕೊಡುತ್ತವೆ. ಈ ಸಭೆಗಳಲ್ಲಿ ಚಪ್ಪಾಳೆಯು ಎರಡು ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಬೀಳುವುದು. ಓದುವವರು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದರೆ ಭೇದವು ಕೂಡಲೇ ತಿಳಿಯುವುದು. ರಾಕ್ ಸಂಗೀತದಲ್ಲಿ ಡೋಲಿನ ಪೆಟ್ಟು ಬೀಳುವುದೂ ಇದೇ ಎಣಿಕೆಗಳ ಮೇಲೆಯೇ. ಮೂರನೆಯದು, ಒಂದೇ ಅಕ್ಷರವನ್ನು ಅನೇಕ ಸ್ವರಗಳ ಮೇಲೆ ಎಳೆದು ಭಾವವನ್ನು ತುಂಬುವ ಕ್ರಮ. ನಮ್ಮ ದೇಶದ ಆಲಾಪನೆಯನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು.

ಮೊದಲನೆಯ ಪ್ರಸಂಗ: 1938

ರೊಸೆಟ್ಟಾ 1915ನೆಯ ಇಸವಿ ಮಾರ್ಚ್ 20ರಂದು ಆರ್ಕನ್ಸಾ ಸಂಸ್ಥಾನದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ ಹುಟ್ಟಿದಳು. ಆಕೆಯ ತಾಯಿ ಕೇಟಿ ಬೆಲ್ ನ್ಯೂಬಿನ್ 'ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್' ಎಂಬ ಸಭೆಯ ಸುವಾರ್ತಿಕಳು. ಮ್ಯಾಂಡೊಲಿನ್ ನುಡಿಸುತ್ತ ಹಾಡುತ್ತಿದ್ದಳು. ಈ ಸಭೆಯವರು ದೇವಾಲಯದಲ್ಲಿ ವಾದ್ಯಗಳನ್ನು ನುಡಿಸುವುದಕ್ಕೂ ಸ್ತ್ರೀಯರು ಹಾಡಿ ಸಾಕ್ಷಿಹೇಳುವುದಕ್ಕೂ ಅವಕಾಶ ಕೊಟ್ಟಿದ್ದರು. ಇಲ್ಲದಿದ್ದರೆ ಆ ಹುಡುಗಿಯ ಕೈಗೆ ಗಿಟಾರ್ ಬರುತ್ತಲೇ ಇರಲಿಲ್ಲವೇನೋ. ಬಾಲ್ಯದಲ್ಲಿಯೇ ಆಕೆಯು ತಾಯಿಯೊಡನೆ ಊರೂರು ತಿರುಗಿ ಸುವಾರ್ತಾಕೂಟಗಳಲ್ಲಿ ಹಾಡಿದಳು. ಆಮೇಲೆ ತಾಯಿಮಗಳು ಶಿಕಾಗೋ ನಗರದಲ್ಲಿ ನೆಲೆಸಿದರು.

1938ರಲ್ಲಿ ಆಕೆಯು ನ್ಯೂಯಾರ್ಕ್ ನಗರಕ್ಕೆ ಬಂದಳು. ಆ ವರ್ಷದ ಅಕ್ಟೋಬರ್ 31ರಂದು ಡೆಕ್ಕಾ ಸಂಸ್ಥೆಗಾಗಿ ನಾಲ್ಕು ಹಾಡುಗಳನ್ನು ಧ್ವನಿಮುದ್ರಣ ಮಾಡಿಸಿದಳು. ಅದೇ ಕಾಲದಲ್ಲಿ ಬ್ರಾಡ್‌ವೇ ಬೀದಿಯ ಕಾಟನ್ ಕ್ಲಬ್ ಎಂಬ ರಾತ್ರಿಯ ವಿಲಾಸಸ್ಥಾನದಲ್ಲಿಯೂ ಹಾಡಿದಳು. ಡಿಸೆಂಬರ್ 23ರಂದು ಕಾರ್ನೆಗಿ ಹಾಲ್ ಎಂಬ ಪ್ರಖ್ಯಾತ ಸಭಾಂಗಣದಲ್ಲಿ ಜಾನ್ ಹ್ಯಾಮಂಡ್ ಎಂಬವನು ಕಪ್ಪು ಜನರ ಸಂಗೀತದ ಕಾರ್ಯಕ್ರಮವೊಂದನ್ನು ಏರ್ಪಡಿಸಿದ್ದನು. ಅದರಲ್ಲಿ ಆಲ್ಬರ್ಟ್ ಅಮನ್ಸನ ಪಿಯಾನೊ ವಾದನದೊಡನೆ ಆಕೆಯೂ ಹಾಡಿದಳು. ಸಿಂಫೊನಿಗಳಿಗೆ ಮೀಸಲಾದಂತಿದ್ದ ವೇದಿಕೆಯ ಮೇಲೆ ಸುವಾರ್ತಾಸಭೆಯ ಹುಡುಗಿಯು ಗಿಟಾರ್ ಹಿಡಿದು ನಿಂತುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಆಕೆಯ ಆ ಮೊದಲಿನ ಹಾಡುಗಳಲ್ಲಿ ಒಂದರ ಹೆಸರು 'ರಾಕ್ ಮಿ'. ಅದನ್ನು ಮೂಲತಃ ರಚಿಸಿದವನು ಥಾಮಸ್ ಡಾರ್ಸಿ. ಇವನು ಬ್ಯಾಪ್ಟಿಸ್ಟ್ ಬೋಧಕನ ಮಗ. ಯೌವನದಲ್ಲಿ ಮದ್ಯಶಾಲೆಗಳ ಬ್ಲೂಸ್ ಹಾಡುಗಳನ್ನು ನುಡಿಸಿ, ಅನಂತರ ಆ ಶೈಲಿಯನ್ನೇ ದೇವಾಲಯಕ್ಕೆ ತಂದು ಸುವಾರ್ತಾಸಂಗೀತದ ಪಿತನೆನಿಸಿಕೊಂಡನು. ಡಾರ್ಸಿಯ ಹಾಡು ದೇವರ ಆಶ್ರಯವನ್ನು ಬೇಡುವ ಪ್ರಾರ್ಥನೆಯಾಗಿತ್ತು. ಥಾರ್ಪಳು ಮಾತುಗಳನ್ನು ಸ್ವಲ್ಪ ಬದಲಿಸಿ, ತನ್ನ ದನಿಯ ಬಳುಕಿನಿಂದ ಹಾಡಿದಾಗ, ಸಭೆಯವರಿಗೆ ಅದು ಪ್ರಾರ್ಥನೆಯಾಗಿಯೂ ಕಾಟನ್ ಕ್ಲಬ್ಬಿನವರಿಗೆ ಪ್ರಣಯಗೀತವಾಗಿಯೂ ಕೇಳಿಸಿತು.

ಇದಕ್ಕಾಗಿ ಆಕೆಯು ಬೆಲೆ ತೆತ್ತಳು. ಕುಡಿಯುವ ಕುಣಿಯುವ ಜನರ ನಡುವೆ ದೇವರ ಹಾಡನ್ನು ಹಾಡಿದಳೆಂದು ಸಭೆಯ ಅನೇಕರು ಬೇಸರಗೊಂಡರು. 1941ರಿಂದ ಲಕ್ಕಿ ಮಿಲಿಂಡರನ ವಾದ್ಯವೃಂದದೊಡನೆ ಹಾಡುತ್ತಿದ್ದಾಗ ಆಕೆಯು ಕೆಲವು ಹಗುರವಾದ ಹಾಡುಗಳನ್ನೂ ಹಾಡಬೇಕಾಯಿತು. ಇವು ಆ ಬೇಸರವನ್ನು ಹೆಚ್ಚಿಸಿದವು. ಇಲ್ಲಿ ನಾವು ಎರಡು ಪಕ್ಷಗಳನ್ನೂ ನ್ಯಾಯವಾಗಿ ತೂಗಬೇಕು. ತಮ್ಮ ಪವಿತ್ರವಾದ ಸ್ವತ್ತು ಮಾರಾಟದ ವಸ್ತುವಾಗುತ್ತಿದೆಯೆಂಬ ಸಭೆಯವರ ಅಂಜಿಕೆಯು ಹುರುಳಿಲ್ಲದುದಲ್ಲ. ಆದರೂ ಸುವಾರ್ತೆಯ ಮಾತು ಕೇಳದ ಜನರ ಬಳಿಗೆ ಆ ಸ್ವರವು ಹೋದುದು ಆಕೆಯಿಂದಲೇ ಎಂಬುದೂ ಸತ್ಯ. 1944ರಲ್ಲಿ ಮುದ್ರಿಸಿದ ಆಕೆಯ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಎಂಬ ಸುವಾರ್ತಾಗೀತವು ಮರುವರ್ಷ ಬಿಲ್‌ಬೋರ್ಡ್ ಪತ್ರಿಕೆಯು ಕಪ್ಪು ಜನರ ಧ್ವನಿಮುದ್ರಿಕೆಗಳಿಗೆಂದು ಪ್ರಕಟಿಸುತ್ತಿದ್ದ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ರಾಕ್ ಅಂಡ್ ರೋಲ್ ಎಂಬ ಹೆಸರು ಲೋಕದಲ್ಲಿ ಹರಡುವುದಕ್ಕೆ ಹಲವು ವರ್ಷಗಳ ಮುಂಚೆಯೇ ಆ ಸಂಗೀತದ ನಡೆ ಅದರಲ್ಲಿತ್ತೆಂದು ಅನೇಕ ಚರಿತ್ರಕಾರರ ಅಭಿಪ್ರಾಯ.

ಇನ್ನೊಂದು ಸಂಗತಿಯು ಉಪಾಧ್ಯಾಯಿನಿಯರಿಗೆ ವಿಶೇಷವಾಗಿ ರುಚಿಸತಕ್ಕದ್ದು. 1947ರಲ್ಲಿ ಜಾರ್ಜಿಯಾ ಸಂಸ್ಥಾನದ ಮೇಕನ್ ಪಟ್ಟಣದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಹುಡುಗನೊಬ್ಬನು ತನ್ನ ಹಾಡುಗಳನ್ನು ಹಾಡುತ್ತಿರುವುದನ್ನು ಥಾರ್ಪಳು ಕೇಳಿದಳು. ಅವನನ್ನು ಗದರಿಸಿ ಓಡಿಸದೆ ವೇದಿಕೆಗೆ ಕರೆದು ಹಾಡಿಸಿ, ಹಣವನ್ನೂ ಕೊಟ್ಟಳು. ಆ ಹುಡುಗನೇ ಮುಂದೆ ಲಿಟಲ್ ರಿಚರ್ಡ್ ಎಂಬ ಹೆಸರಿನಿಂದ ರಾಕ್ ಅಂಡ್ ರೋಲಿನ ಆದಿಪುರುಷರಲ್ಲಿ ಒಬ್ಬನಾದನು.

ಎರಡನೆಯ ಪ್ರಸಂಗ: 1964

1950ರ ದಶಕದ ಕೊನೆಗೆ ಅಮೆರಿಕಾದಲ್ಲಿ ಆಕೆಯ ಕೀರ್ತಿಯು ತಗ್ಗಿತು. ಎಳೆಯ ತರುಣರು ಅದೇ ತಾಳವನ್ನೂ ಅದೇ ಗಿಟಾರನ್ನೂ ಹಿಡಿದು ಮುಂದೆ ಬಂದಿದ್ದರು. ಆದರೆ ಸಮುದ್ರದ ಆಚೆಯಲ್ಲಿ ಇಂಗ್ಲೆಂಡಿನ ಯುವಕರು ಈ ಸಂಗೀತದ ಮೂಲವನ್ನು ಹುಡುಕುತ್ತಿದ್ದರು. ಆದುದರಿಂದ 1964ರಲ್ಲಿ ಅಮೆರಿಕಾದ ಹಿರಿಯ ಗಾಯಕರ ತಂಡವೊಂದು ಅಲ್ಲಿಗೆ ಹೋದಾಗ ಥಾರ್ಪಳೂ ಹೋದಳು.

ಮೇ 7ರಂದು ಮ್ಯಾಂಚೆಸ್ಟರ್ ನಗರದ ವಿಲ್‌ಬ್ರಹಾಂ ರೋಡ್ ಎಂಬ ರೈಲು ನಿಲ್ದಾಣದಲ್ಲಿ ಗ್ರನಾಡಾ ಟೆಲಿವಿಷನ್ ಸಂಸ್ಥೆಯವರು ಕಾರ್ಯಕ್ರಮವನ್ನು ಚಿತ್ರೀಕರಿಸಿದರು. ಆ ನಿಲ್ದಾಣದಲ್ಲಿ ಪ್ರಯಾಣಿಕರ ಸಂಚಾರವು ಆಗಲೇ ನಿಂತುಹೋಗಿತ್ತು. ಒಂದು ಕಡೆಯ ಪ್ಲಾಟ್‌ಫಾರಮನ್ನು ಅಮೆರಿಕಾದ ದಕ್ಷಿಣಸೀಮೆಯ ನಿಲ್ದಾಣದಂತೆ ಅಲಂಕರಿಸಿ ಗಾಯಕರಿಗೆ ವೇದಿಕೆ ಮಾಡಿದ್ದರು. ಹಳಿಗಳ ಆಚೆಯ ಪ್ಲಾಟ್‌ಫಾರಮಿನ ಮೇಲೆ ರೈಲಿನಲ್ಲಿ ಬಂದಿಳಿದ ಶ್ರೋತೃಗಳು ಕುಳಿತಿದ್ದರು. ಇಂಗ್ಲೆಂಡಿನ ವಾಡಿಕೆಯಂತೆ ಮಳೆಯೂ ಬಂದಿತು. ಕುದುರೆಗಾಡಿಯಿಂದಿಳಿದ ಥಾರ್ಪಳು ಮಳೆಯನ್ನು ನೋಡಿ, ತಾನು ಹಾಡಬೇಕೆಂದಿದ್ದ ಮೊದಲನೆಯ ಹಾಡನ್ನು ಬದಲಿಸಿ, ನೋಹನ ಕಾಲದ ಜಲಪ್ರಳಯವನ್ನು ಕುರಿತ 'ಡಿಡಂಟ್ ಇಟ್ ರೇನ್' ಎಂಬ ಹಳೆಯ ಸುವಾರ್ತಾಗೀತವನ್ನು ಆರಿಸಿಕೊಂಡಳು. ನಾಲ್ವತ್ತೊಂಬತ್ತು ವಯಸ್ಸಿನ ಸ್ತ್ರೀಯು ದಪ್ಪನಾದ ಕೋಟು ತೊಟ್ಟು, ಬಿಳಿಯ ವಿದ್ಯುತ್ ಗಿಟಾರನ್ನು ಹೆಗಲಿಗೇರಿಸಿ, ಒದ್ದೆಯಾದ ನೆಲದ ಮೇಲೆ ನಡೆದಾಡುತ್ತ ನುಡಿಸಿದ ಆ ದೃಶ್ಯವು ಇಂದಿಗೂ ಉಳಿದಿದೆ. ಅದನ್ನು ನೋಡಿದವರಿಗೆ, ಗಿಟಾರ್ ನುಡಿಸುವ ಧೈರ್ಯವು ಗಂಡಸರ ಸೊತ್ತೆಂಬ ಭಾವನೆಯು ಮತ್ತೆ ಬರಲಾರದು.

ಮಳೆಯು ಕಾರ್ಯಕ್ರಮವನ್ನು ಕೆಡಿಸುವುದಕ್ಕೆ ಬದಲಾಗಿ ಹಾಡಿಗೆ ಅರ್ಥವನ್ನು ಕೊಟ್ಟಿತು. ಇದು ಅದೃಷ್ಟವೆಂದು ಹೇಳಿದರೆ ಸಾಲದು. ಬಾಲ್ಯದಿಂದ ನೂರಾರು ಗೀತಗಳನ್ನು ಬಾಯಿಪಾಠ ಮಾಡಿದವಳಾದುದರಿಂದ, ಸಮಯಕ್ಕೆ ತಕ್ಕ ಹಾಡು ಆಕೆಯ ನಾಲಗೆಯ ಮೇಲಿತ್ತು. ಬಾಯಿಪಾಠವನ್ನು ಹಳೆಯ ಕಾಲದ ಪದ್ಧತಿಯೆಂದು ಹಳಿಯುವವರು ಇದನ್ನು ಗಮನಿಸುವುದು ಒಳ್ಳೆಯದು.

ಮೂರನೆಯ ಪ್ರಸಂಗ: 1967

ಅರೀಥಾ ಫ್ರಾಂಕ್ಲಿನ್ 1942ರ ಮಾರ್ಚ್ 25ರಂದು ಮೆಂಫಿಸ್ ಪಟ್ಟಣದಲ್ಲಿ ಹುಟ್ಟಿ ಡೆಟ್ರಾಯಿಟ್ ನಗರದಲ್ಲಿ ಬೆಳೆದಳು. ಆಕೆಯ ತಂದೆ ಸಿ. ಎಲ್. ಫ್ರಾಂಕ್ಲಿನ್ ಅಲ್ಲಿಯ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಸಭೆಯ ಪಾಲಕನು. ಪ್ರಸಂಗಗಳಿಗೆ ದೇಶದಲ್ಲೆಲ್ಲ ಪ್ರಸಿದ್ಧನು. ತಾಯಿ ಬಾರ್ಬರಾ 1948ರಲ್ಲಿ ಮನೆಯಿಂದ ಬೇರೆಯಾಗಿ 1952ರಲ್ಲಿ ತೀರಿಕೊಂಡಳು. ಆಗ ಅರೀಥಾಳಿಗೆ ಹತ್ತು ತುಂಬಿರಲಿಲ್ಲ. ಆ ದುಃಖದ ಬಳಿಕ ಆಕೆಯು ದೇವಾಲಯದಲ್ಲಿ ಒಂಟಿಯಾಗಿ ನಿಂತು ಹಾಡತೊಡಗಿದಳು. ಮಹೇಲಿಯಾ ಜಾಕ್ಸನ್, ಕ್ಲಾರಾ ವಾರ್ಡ್ ಮುಂತಾದ ಹಿರಿಯ ಗಾಯಕಿಯರು ಆ ಮನೆಗೆ ಅತಿಥಿಗಳಾಗಿ ಬರುತ್ತಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆಯ ಸುವಾರ್ತಾಗೀತಗಳು ಮೊದಲ ಸಾರಿ ಮುದ್ರಿತವಾದವು. ಆದರೆ ಆಕೆಯ ಬಾಲ್ಯವು ಸುಗಮವಾಗಿರಲಿಲ್ಲ. ಹದಿನೈದು ತುಂಬುವುದರೊಳಗೆ ಎರಡು ಮಕ್ಕಳ ತಾಯಿಯಾಗಿ, ಶಾಲೆಯನ್ನು ಬಿಡಬೇಕಾಯಿತು. ಶಾಲೆಯ ಬಾಗಿಲು ಮುಚ್ಚಿದರೂ ಮನೆಯವರ ಆಸರೆಯೂ ಕಲಿತ ಸಂಗೀತವೂ ಆಕೆಯ ಕೈಬಿಡಲಿಲ್ಲ.

1960ರಿಂದ ಆರು ವರ್ಷಗಳ ಕಾಲ ಕೊಲಂಬಿಯಾ ಸಂಸ್ಥೆಯವರು ಆಕೆಯಿಂದ ನಯವಾದ ಅನೇಕ ಹಾಡುಗಳನ್ನು ಹಾಡಿಸಿದರು. ಆದರೆ ಆಕೆಯ ನಿಜವಾದ ಶಕ್ತಿಯು ಅವುಗಳಲ್ಲಿ ಪೂರ್ತಿಯಾಗಿ ಹೊರಬೀಳಲಿಲ್ಲ. ಅಟ್ಲಾಂಟಿಕ್ ಸಂಸ್ಥೆಯ ಜೆರ್ರಿ ವೆಕ್ಸ್ಲರ್ ಆಕೆಯನ್ನು ದೇವಾಲಯದಲ್ಲಿದ್ದಂತೆ ಪಿಯಾನೊದ ಮುಂದೆ ಕುಳ್ಳಿರಿಸಿ ತಾನೇ ನುಡಿಸಿಕೊಂಡು ಹಾಡುವಂತೆ ಮಾಡಿದನು. 1967ರ ಫೆಬ್ರವರಿ 14ರಂದು ನ್ಯೂಯಾರ್ಕಿನಲ್ಲಿ 'ರೆಸ್ಪೆಕ್ಟ್', ಎಂದರೆ 'ಮರ್ಯಾದೆ', ಎಂಬ ಹಾಡು ಮುದ್ರಿತವಾಯಿತು.

ಈ ಹಾಡನ್ನು ರಚಿಸಿದವನು ಓಟಿಸ್ ರೆಡಿಂಗ್. ಅವನು 1965ರಲ್ಲಿಯೇ ಅದನ್ನು ಹಾಡಿದ್ದನು. ಅವನ ಹಾಡಿನಲ್ಲಿ ದುಡಿದು ಮನೆಗೆ ಬರುವ ಗಂಡಸು ತನಗೆ ಸಲ್ಲತಕ್ಕ ಮರ್ಯಾದೆಯನ್ನು ಹೆಂಗಸಿನಿಂದ ಕೇಳುತ್ತಾನೆ. ಅರೀಥಾಳು ಮಾಡಿದುದೇನಂದರೆ, ಕೇಳುವವರನ್ನು ಬದಲಿಸಿದಳು. ಈಗ ಮನೆಯೊಳಗಿನ ಹೆಣ್ಣು ಮಾತನಾಡುತ್ತಾಳೆ. ತನ್ನ ಬಳಿಯಲ್ಲಿಯೂ ಹಣವುಂಟು, ಯೋಗ್ಯತೆಯುಂಟು, ಮರ್ಯಾದೆಯು ತನಗೂ ಸಲ್ಲಬೇಕೆನ್ನುತ್ತಾಳೆ. ಮೂಲದಲ್ಲಿಲ್ಲದ ಒಂದು ಭಾಗವನ್ನು ಸೇರಿಸಿ, ಆ ಇಂಗ್ಲಿಷ್ ಶಬ್ದದ ಏಳು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾಳೆ. ಕಾಗುಣಿತವನ್ನು ಬಿಡಿಸಿ ಹೇಳಿಸುವುದು ನಮ್ಮ ತರಗತಿಗಳ ನಿತ್ಯದ ಕೆಲಸ. ಪಾಠವನ್ನು ಅರ್ಥಮಾಡಿಕೊಳ್ಳದವನಿಗೆ ಉಪಾಧ್ಯಾಯಿನಿಯು ಹೇಳುವಂತೆಯೇ ಆಕೆಯು ಲೋಕಕ್ಕೆ ಹೇಳಿದಳು. ಹಿಂದೆ ನಿಂತು ಉತ್ತರ ಕೊಟ್ಟವರು ಆಕೆಯ ಸ್ವಂತ ಸಹೋದರಿಯರಾದ ಎರ್ಮಾ ಮತ್ತು ಕ್ಯಾರೊಲಿನ್. ದೇವಾಲಯದ ಕರೆ ಮತ್ತು ಉತ್ತರವೇ ಇಲ್ಲಿ ಮೂವರು ಅಕ್ಕತಂಗಿಯರ ಮಾತುಕತೆಯಾಗಿದೆ.

ಆ ವರ್ಷದ ಜೂನ್ ತಿಂಗಳಿನಲ್ಲಿ ಹಾಡು ಅಮೆರಿಕಾದ ಪಟ್ಟಿಯಲ್ಲಿ 1ನೆಯ ಸ್ಥಾನವನ್ನು ಪಡೆಯಿತು. ಅದೇ ತಿಂಗಳು ಮಾಂಟರೇ ಸಂಗೀತೋತ್ಸವದಲ್ಲಿ ರೆಡಿಂಗನು ತನ್ನ ಹಾಡನ್ನು ಹುಡುಗಿಯೊಬ್ಬಳು ಕೊಂಡೊಯ್ದಳೆಂದು ನಗೆಮಾತು ಆಡಿದನು. ಡಿಸೆಂಬರ್ 10ರಂದು ಅವನು ವಿಮಾನಾಪಘಾತದಲ್ಲಿ ಇಪ್ಪತ್ತಾರನೆಯ ವಯಸ್ಸಿನಲ್ಲಿ ಮೃತನಾದನು. ಆ ಕಾಲವನ್ನೂ ನೆನಪಿಸಿಕೊಳ್ಳಬೇಕು. ಜನಾಂಗಭೇದವನ್ನು ನಿಷೇಧಿಸುವ ಕಾನೂನು 1964ರಲ್ಲಿಯೂ ಮತದಾನದ ಹಕ್ಕನ್ನು ಕಾಪಾಡುವ ಕಾನೂನು 1965ರಲ್ಲಿಯೂ ಬಂದಿದ್ದವು. ಕಾನೂನು ಬಂದರೂ ನಡತೆಯಲ್ಲಿ ಮರ್ಯಾದೆಯು ಬರಬೇಕಾಗಿತ್ತು. ಆದುದರಿಂದ ಒಂದು ಮನೆಯ ಹೆಣ್ಣಿನ ಮಾತನ್ನು ಕಪ್ಪು ಜನರು ತಮ್ಮ ಮಾತಾಗಿಯೂ ಸ್ತ್ರೀಯರು ತಮ್ಮ ಮಾತಾಗಿಯೂ ಕೇಳಿಕೊಂಡರು. 2021ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯು ಪ್ರಕಟಿಸಿದ 500 ಶ್ರೇಷ್ಠ ಹಾಡುಗಳ ಪಟ್ಟಿಯಲ್ಲಿ ಇದಕ್ಕೆ ಮೊದಲನೆಯ ಸ್ಥಾನವು ದೊರೆಯಿತು.

ನಾಲ್ಕನೆಯ ಪ್ರಸಂಗ: 1972

ಕೀರ್ತಿಯ ಶಿಖರದಲ್ಲಿದ್ದಾಗ ಅರೀಥಾಳು ತಿರುಗಿ ದೇವಾಲಯದ ಹಾಡಿಗೆ ಬಂದಳು. 1972ರ ಜನವರಿ 13 ಮತ್ತು 14ರ ರಾತ್ರಿಗಳಲ್ಲಿ ಲಾಸ್ ಏಂಜಲೀಸ್ ನಗರದ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ, ಪಾಲಕನೂ ಸಂಗೀತಗಾರನೂ ಆದ ಜೇಮ್ಸ್ ಕ್ಲೀವ್‌ಲೆಂಡ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ಕಮ್ಯೂನಿಟಿ ಗಾಯನವೃಂದದವರೊಡನೆ ಆಕೆಯು ಹಾಡಿದಳು. ಆ ಕಟ್ಟಡವು ಮೊದಲು ಚಲಚ್ಚಿತ್ರಮಂದಿರವಾಗಿತ್ತು. ಎರಡನೆಯ ರಾತ್ರಿ ಆಕೆಯ ತಂದೆಯೂ ಕ್ಲಾರಾ ವಾರ್ಡಳೂ ಮುಂದೆ ಕುಳಿತಿದ್ದರು. ಹಿಂದೆ ರೋಲಿಂಗ್ ಸ್ಟೋನ್ಸ್ ಎಂಬ ಪ್ರಸಿದ್ಧ ರಾಕ್ ವೃಂದದ ಮಿಕ್ ಜಾಗರನೂ ಚಾರ್ಲಿ ವಾಟ್ಸನೂ ಇದ್ದರು. ತಂದೆಯು ಎದ್ದು ಮಾತನಾಡಿ, ತನ್ನ ಮಗಳು ಸಭೆಯನ್ನು ಎಂದೂ ಬಿಟ್ಟವಳಲ್ಲವೆಂಬರ್ಥದಲ್ಲಿ ಸಾಕ್ಷಿಹೇಳಿದನು.

ಅಲ್ಲಿ ಹಾಡಿದ ಕೀರ್ತನೆಗಳಲ್ಲಿ 'ಅಮೇಜಿಂಗ್ ಗ್ರೇಸ್' ಎಂಬುದು ಮುಖ್ಯವಾದುದು. ನಮ್ಮ ವಿದ್ಯಾರ್ಥಿನಿಯರಿಗೂ ಅದರ ರಾಗವು ಪರಿಚಿತವೇ. ಅದನ್ನು ಬರೆದ ಜಾನ್ ನ್ಯೂಟನ್ ಇಂಗ್ಲೆಂಡಿನ ಓಲ್ನಿ ಎಂಬ ಊರಿನ ಪಾಲಕನಾಗುವುದಕ್ಕೆ ಮುಂಚೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದನು; ಕೀರ್ತನೆಯು 1779ರಲ್ಲಿ ಅಚ್ಚಾಯಿತು. ಗುಲಾಮರನ್ನು ಮಾರಿದವನ ಪಶ್ಚಾತ್ತಾಪದ ಹಾಡನ್ನು ಗುಲಾಮರ ಸಂತತಿಯ ಹೆಣ್ಣುಮಗಳು ಸುಮಾರು ಹನ್ನೊಂದು ನಿಮಿಷಗಳ ಕಾಲ, ಅಕ್ಷರಕ್ಷರವನ್ನೂ ಸ್ವರಗಳ ಮೇಲೆ ಎಳೆದು ಹಾಡಿದಾಗ, ಮಾತು ಅದೇ ಇದ್ದರೂ ಅರ್ಥವು ಎಷ್ಟೋ ಪಾಲು ಆಳವಾಯಿತು. ಈ ಎರಡು ರಾತ್ರಿಗಳ ಧ್ವನಿಮುದ್ರಿಕೆಯು ಆಕೆಯ ಎಲ್ಲಾ ಧ್ವನಿಮುದ್ರಿಕೆಗಳಿಗಿಂತ ಹೆಚ್ಚಾಗಿ ಮಾರಾಟವಾಯಿತು. ಚಿತ್ರೀಕರಣವೂ ನಡೆದಿತ್ತಾದರೂ, ಚಿತ್ರವನ್ನೂ ಧ್ವನಿಯನ್ನೂ ಜೋಡಿಸುವ ಗುರುತುಗಳನ್ನು ಮಾಡಿರಲಿಲ್ಲವಾದುದರಿಂದ ಚಲಚ್ಚಿತ್ರವು 2018ರವರೆಗೆ ಹೊರಗೆ ಬರಲಿಲ್ಲ.

ಇಬ್ಬರ ಕೊನೆಯ ದಿನಗಳು

ಥಾರ್ಪಳು 1970ರಲ್ಲಿ ಪಾರ್ಶ್ವವಾಯುವಿಗೆ ಗುರಿಯಾದಳು. ಮಧುಮೇಹದಿಂದ ಒಂದು ಕಾಲನ್ನೂ ಕಳೆದುಕೊಂಡಳು. ಆದರೂ ಹಾಡುವುದನ್ನು ಬಿಡಲಿಲ್ಲ. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡ ಆಕೆಯ ಸಮಾಧಿಯು ಅನೇಕ ವರ್ಷಗಳವರೆಗೆ ಕಲ್ಲಿನ ಗುರುತೂ ಇಲ್ಲದೆ ಇತ್ತು. 2008ರಲ್ಲಿ ಸಂಗೀತಕಾರ್ಯಕ್ರಮವೊಂದನ್ನು ನಡಿಸಿ ಅದಕ್ಕಾಗಿ ಹಣ ಕೂಡಿಸಿದರು. ರಾಕ್ ಅಂಡ್ ರೋಲ್ ಕೀರ್ತಿಮಂದಿರಕ್ಕೆ 1986ರಲ್ಲಿ ಮೊದಲು ಆರಿಸಲ್ಪಟ್ಟವರೆಲ್ಲರೂ ಪುರುಷರು. 1987ರಲ್ಲಿ ಅರೀಥಾಳು ಅಲ್ಲಿಗೆ ಸೇರಿದ ಮೊದಲನೆಯ ಸ್ತ್ರೀಯಾದಳು. ಆಕೆಗೂ ಹಿರಿಯಳಾದ ಥಾರ್ಪಳಿಗೆ ಆ ಗೌರವವು ದೊರೆತುದು 2018ರಲ್ಲಿ, ಆಕೆಯು ತೀರಿಕೊಂಡ ನಾಲ್ವತ್ತೈದು ವರ್ಷಗಳ ಬಳಿಕ. ಅದೇ ವರ್ಷದ ಆಗಸ್ಟ್ 16ರಂದು ಅರೀಥಾಳು ಡೆಟ್ರಾಯಿಟಿನಲ್ಲಿ ನಿಧನಹೊಂದಿದಳು.

ಈ ಪಾಠದಿಂದ ಗ್ರಹಿಸತಕ್ಕದ್ದು

ಗಾಯನವೃಂದದ ಅಭ್ಯಾಸವು ಕಾಲಹರಣವೇ ಎಂಬ ಪ್ರಶ್ನೆಗೆ ಉತ್ತರವು ಇಷ್ಟರಿಂದ ದೊರೆತಿರಬೇಕು. ಆ ಹುಡುಗಿಯರು ಅಲ್ಲಿ ಕಲಿತುದು ಸ್ವರತಾಳಗಳನ್ನು ಮಾತ್ರವೇ ಅಲ್ಲ. ಇತರರ ದನಿಗೆ ಕಿವಿಗೊಡುವುದನ್ನೂ, ತನ್ನ ಸರದಿ ಬಂದಾಗ ಅಂಜದೆ ಎದ್ದುನಿಲ್ಲುವುದನ್ನೂ ಕಲಿತರು. ನಮ್ಮ ಹುಡುಗಿಯರಲ್ಲಿ ಎಲ್ಲರೂ ಗಾಯಕಿಯರಾಗಬೇಕಾಗಿಲ್ಲ. ಆದರೆ ಎಲ್ಲರಿಗೂ ಒಂದಲ್ಲ ಒಂದು ದಿನ ನಾಲ್ಕು ಜನರ ಮುಂದೆ ನಿಂತು ತನಗೆ ಸಲ್ಲತಕ್ಕದ್ದನ್ನು ಕೇಳಬೇಕಾಗುವುದು.

ಎರಡನೆಯ ಪ್ರಶ್ನೆಗೆ ಉತ್ತರವು ಇಷ್ಟು ಸುಲಭವಲ್ಲ. ಜನಪ್ರಿಯ ಸಂಗೀತದಲ್ಲಿ ಹೊಲಸೂ ಇದೆ, ಹೊನ್ನೂ ಇದೆ. ಎಲ್ಲವನ್ನೂ ನಿಷೇಧಿಸಿದರೆ ಎರಡನ್ನೂ ಕಳೆದುಕೊಂಡಂತಾಗುವುದು. ಎಲ್ಲವನ್ನೂ ಬಿಟ್ಟುಕೊಟ್ಟರೆ ವಿವೇಕವೇ ಬೆಳೆಯದು. ಥಾರ್ಪಳ ಸಭೆಯವರು ಆಕೆಯೊಡನೆ ಕುಳಿತು ಕೇಳಿ ವಿಚಾರಿಸಿದ್ದರೆ ಆಕೆಯ ಮನೋವ್ಯಥೆಯು ಎಷ್ಟೋ ಕಡಿಮೆಯಾಗುತ್ತಿತ್ತೆಂದು ನನಗೆ ತೋರುತ್ತದೆ. ಅರೀಥಾಳ ತಂದೆಯು ಮಗಳನ್ನು ಹೊರಗಿನ ವೇದಿಕೆಗೆ ಕಳುಹಿಸಿದನು, ಹಿಂದಿರುಗಿ ಬಂದಾಗ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದನು. ಪೋಷಕರು ಮಾಡಬಹುದಾದುದು ಇದೇ. ಮಗಳು ಕೇಳುವ ಹಾಡನ್ನು ಒಂದು ಸಾರಿ ಆಕೆಯ ಪಕ್ಕದಲ್ಲಿ ಕುಳಿತು ಪೂರ್ತಿಯಾಗಿ ಕೇಳಿರಿ. ಆಮೇಲೆ ತೀರ್ಪು ಹೇಳಿರಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಈಗ ಹೆಚ್ಚಾಗಿ ಕೇಳಿಬರುವ ಒಂದು ಹಾಡನ್ನು ಆರಿಸಿಕೊಳ್ಳಿರಿ. ಅದರಲ್ಲಿ ಮಾತನಾಡುವವರು ಯಾರು? ಅವರು ಯಾರಿಂದ ಏನನ್ನು ಕೇಳುತ್ತಾರೆ?

2. ಅದೇ ಹಾಡನ್ನು ಗಂಡಸಿಗೆ ಬದಲಾಗಿ ಹೆಂಗಸು, ಅಥವಾ ಧಣಿಗೆ ಬದಲಾಗಿ ಆಳು ಹಾಡಿದರೆ ಅರ್ಥವು ಹೇಗೆ ಬದಲಾಗುವುದು?

3. ನಾಲ್ಕು ಎಣಿಕೆಯ ತಾಳದಲ್ಲಿ ಆ ಹಾಡಿನ ಚಪ್ಪಾಳೆಯು ಯಾವ ಎಣಿಕೆಗಳ ಮೇಲೆ ಬೀಳುತ್ತದೆ? ತಟ್ಟಿ ನೋಡಿರಿ.

4. ನಮ್ಮ ಶಾಲೆಯಲ್ಲಿ ಕಲಿತ ಯಾವ ಹಾಡು ಇಂದಿಗೂ ನಿಮ್ಮ ನಾಲಗೆಯ ಮೇಲಿದೆ? ಅದು ಯಾವ ದಿನದಲ್ಲಿ ನಿಮ್ಮ ಉಪಯೋಗಕ್ಕೆ ಬಂದಿತು? ಹಳೆಯ ವಿದ್ಯಾರ್ಥಿನಿಯರು ಇದರ ಉತ್ತರವನ್ನು ಬರೆದು ಕಳುಹಿಸಿದರೆ, ಈಗ ಕಲಿಯುತ್ತಿರುವ ನಿಮ್ಮ ತಂಗಿಯರಿಗೆ ಓದಿ ಹೇಳುವೆನು.